ಪಿಕಾಯಿಯಾದ ಹೊಟ್ಟೆ ಯಾವ ಕಡೆ?

ಪ್ರಿಯ ಓದುಗರೆ,

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಅದು ನ್ಯಾಯವೇ. ಹಿಂದೊಮ್ಮೆ ನಾವು, ಕೋಟ್ಯಂತರ ವರ್ಷ ಹಿಂದೆ ಬದುಕಿದ್ದು ಈಗ ಕಲ್ಲಿನಲ್ಲಿ ಅಚ್ಚಾಗಿ ಸಿಗುವ ಪಿಕಾಯಿಯಾ ಎಂಬ ಪ್ರಾಣಿಯನ್ನು 'ಬೆನ್ನೆಲುಬಿರುವ ನಮ್ಮೆಲ್ಲರ ಮೂಲಪುರುಷ' ಎಂದು ಬರೆದಿದ್ದೆವು. ಈಗ, ವಿಜ್ಞಾನಿಗಳು ಅದನ್ನು ಇಷ್ಟು ವರ್ಷ ತಲೆಕೆಳಗಾಗಿ ನೋಡುತ್ತಿದ್ದರು ಎಂಬ ಸುದ್ದಿ ಓದಿ, 'ಹೊಟ್ಟೆ ಯಾವುದು, ಬೆನ್ನು ಯಾವುದು ಅಂತಲೇ ಗೊತ್ತಿಲ್ಲದವರನ್ನು ಹೇಗೆ ನಂಬೋದು?' ಎಂದು ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಮೂಲಪುರುಷ ಅಂದದ್ದು ಸರಿಯಲ್ಲ. ಪಿಕಾಯಿಯಾ ಸಿಕ್ಕಿದ್ದು ಕೆನಡಾದ ಬರ್ಜೆಸ್ ಶೇಲ್ ಕಲ್ಲಿನಲ್ಲಿ, ವಯಸ್ಸು ಸುಮಾರು 50.8 ಕೋಟಿ ವರ್ಷ. ಚೀನಾದ ಚೆಂಗ್‌ಜಿಯಾಂಗ್‌ನಲ್ಲಿ ಸಿಕ್ಕ, ಹೆಬ್ಬೆರಳಿಗಿಂತ ಚಿಕ್ಕದಾದ ಹೈಕೌಇಕ್ತಿಸ್ ಎಂಬ ಮೀನಿನಂಥ ಪ್ರಾಣಿ ಅದಕ್ಕಿಂತ ಸುಮಾರು ಒಂದು ಕೋಟಿ ವರ್ಷ ಮುಂಚಿನದು, ಅದಕ್ಕೆ ಆಗಲೇ ಕಣ್ಣು, ಕಿವಿರು, ಬೆನ್ನ ಮೇಲೆ ಈಜುರೆಕ್ಕೆ ಎಲ್ಲಾ ಇದ್ದವು. ಮೊಮ್ಮಗನೇ ಮೊದಲು ಹುಟ್ಟಿದ ಮೇಲೆ ಇದು ಅಜ್ಜ ಆಗೋದು ಹೇಗೆ? ದಾಯಾದಿ ಅನ್ನಬಹುದು, ಅಷ್ಟೆ.

ಇನ್ನು ತಲೆಕೆಳಗಾದ ವಿಷಯ. ಪಿಕಾಯಿಯಾಗೆ ಮೂಳೆ ಇಲ್ಲ. ಐದು ಸೆಂಟಿಮೀಟರಿನ ಮೆತ್ತನೆ ಪ್ರಾಣಿ, ಕೆಸರಿನಡಿ ಸಿಕ್ಕಿ ಅಪ್ಪಚ್ಚಿಯಾಗಿ ಈಗ ಕಪ್ಪು ಕಲ್ಲಿನ ಮೇಲೆ ತೆಳ್ಳನೆ ಪೊರೆಯ ಹಾಗೆ ಉಳಿದಿದೆ. 1911ರಲ್ಲಿ ವಾಲ್ಕಾಟ್ ಎಂಬ ವಿಜ್ಞಾನಿ ಅದನ್ನು ಹುಳು ಎಂದೇ ಬರೆದರು. 1970ರ ದಶಕದಲ್ಲಿ ಕಾನ್ವೇ ಮಾರಿಸ್ ಎಂಬ ವಿಜ್ಞಾನಿ, ಇದು ಹುಳುವಲ್ಲ, ಬೆನ್ನೆಲುಬಿರುವ ನಮ್ಮ ಬಳಗದ್ದು ಅಂದರು. ಕಾರಣ, ಮೈಯುದ್ದಕ್ಕೂ ಸಾಲಾಗಿ ಬಾಗಿದ ಮಾಂಸದ ಪಟ್ಟಿಗಳು. ಬೇಯಿಸಿದ ಬಂಗುಡೆಯನ್ನು ಬೆರಳಲ್ಲಿ ಬಿಡಿಸಿದಾಗ ಮಾಂಸ ಪದರ ಪದರವಾಗಿ ಕಳಚಿಕೊಳ್ಳುತ್ತದೆ, ಅಲ್ವಾ? ಅದೇ ಪಟ್ಟಿ.

ಆದರೆ ಬೆನ್ನು ಅಂದುಕೊಂಡಿದ್ದ ಕಡೆ ಒಂದು ದಪ್ಪ ಕೊಳವೆ ಕಾಣುತ್ತಿತ್ತು, ಅದು ಏನೆಂದು ಯಾರಿಗೂ ಬಗೆಹರಿದಿರಲಿಲ್ಲ. 2024ರಲ್ಲಿ ಮುಸ್ಸಿನಿ ಎಂಬ ಸಂಶೋಧಕರು ಮತ್ತು ಜೊತೆಗಾರರು ಇಡೀ ಪ್ರಾಣಿಯನ್ನು ಬೋರಲು ತಿರುಗಿಸಿ ನೋಡಿದರು. ಆಗ ಆ ಕೊಳವೆ ಕರುಳಾಯಿತು. ಹೊಟ್ಟೆಯ ಕಡೆಯ ರಕ್ತನಾಳ ಅಂದುಕೊಂಡಿದ್ದ ಗೆರೆ ನರದ ಹುರಿಯಾಯಿತು, ಅದೂ ಬೆನ್ನ ಕಡೆ ಬಂತು, ನಮ್ಮಲ್ಲಿ ಇರುವ ಹಾಗೇ. ಅಂದರೆ ಪಿಕಾಯಿಯಾ ನಮ್ಮ ಬಳಗದ್ದು ಎಂಬ ಮಾತು ಬಿದ್ದು ಹೋಗಲಿಲ್ಲ, ಇನ್ನೂ ಗಟ್ಟಿಯಾಯಿತು.

ಇದು ಸುಮ್ನೆ ಊಹೆಯ ಆಟ ಅಂತ ದಯವಿಟ್ಟು ತಿಳಿಯಬೇಡಿ. 2010ರಲ್ಲಿ ಇಂಗ್ಲೆಂಡಿನ ಸಂಶೋಧಕರು ಲ್ಯಾಂಪ್ರೀ ಎಂಬ ದವಡೆಯಿಲ್ಲದ ಮೀನಿನ ಮರಿಗಳನ್ನೂ, ಬೆನ್ನೆಲುಬಿಲ್ಲದಿದ್ದರೂ ನಮ್ಮ ಬಳಗಕ್ಕೆ ಸೇರಿದ ಆಂಫಿಯಾಕ್ಸಸ್ ಎಂಬ ಪುಟ್ಟ ಕಡಲ ಪ್ರಾಣಿಯನ್ನೂ ಬೇಕೆಂದೇ ಕೊಳೆಸಿ, ಯಾವ ಭಾಗ ಯಾವಾಗ ಕರಗುತ್ತದೆ ಎಂದು ಕಾದು ನೋಡಿ ಬರೆದಿಟ್ಟರು. ಆ ನಾತದ ನಡುವೆ ಕೂತು ಮಾಡಿದ ಕೆಲಸ ನನಗೆ ತುಂಬಾ ದೊಡ್ಡದು. ಗುರುತು ಹಿಡಿಯಲು ಜಾಸ್ತಿ ಬೇಕಾದ ಭಾಗಗಳೇ ಮೊದಲು ಕೊಳೆಯುತ್ತವೆ, ಮಾಂಸದ ಪಟ್ಟಿಯಂಥವು ಕೊನೆಗೆ ಉಳಿಯುತ್ತವೆ. ಅದಕ್ಕೇ ಕಲ್ಲಿನಲ್ಲಿ ಸಿಗುವ ಪ್ರಾಣಿ, ಬದುಕಿದ್ದಾಗ ಇದ್ದದ್ದಕ್ಕಿಂತ ಸರಳವಾಗಿ, ಹಳೆಯ ಕಾಲದ್ದಾಗಿ ಕಾಣಬಹುದು. ಇಂಥ ಪುರಾವೆ ಇಟ್ಟುಕೊಂಡೇ ವಿಜ್ಞಾನಿಗಳು ಮಾತಾಡುತ್ತಿದ್ದಾರೆ, ಅದೇ ಪುರಾವೆ ಇಟ್ಟುಕೊಂಡೇ ಒಬ್ಬರನ್ನೊಬ್ಬರು ತಿದ್ದುತ್ತಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಪಿಕಾಯಿಯಾದ ಚಿತ್ರವನ್ನು ತಿರುಗಿಸಿ ಮತ್ತೆ ಅಚ್ಚು ಹಾಕುತ್ತೇವೆ. 'ಮೂಲಪುರುಷ' ಎಂಬ ಪದ ಅಲ್ಲಿರುವುದಿಲ್ಲ.

– ಸಂಪಾದಕ