ಬೋಸ್ಟನ್ ಬ್ಲ್ಯಾಕಿ ಬದಲಾಗಿದ್ದೆಲ್ಲಿ?

ಓದುಗರ ಪತ್ರ: "1943ರ 'ದಿ ಚಾನ್ಸ್ ಆಫ್ ಎ ಲೈಫ್‌ಟೈಮ್' ಎಂಬ ಹಳೆಯ ಅಮೆರಿಕನ್ ಪತ್ತೇದಾರಿ ಸಿನಿಮಾ ನೋಡಿದೆ. ನಾಯಕ ಬೋಸ್ಟನ್ ಬ್ಲ್ಯಾಕಿ ಕಳ್ಳತನ ಬಿಟ್ಟವನಂತೆ. ಆದರೆ ಪೊಲೀಸರಿಗೆ ಸುಳ್ಳು ಹೇಳುತ್ತಾನೆ, ಹಿಡಿದರೆ ತಪ್ಪಿಸಿಕೊಂಡು ಓಡುತ್ತಾನೆ. ಇವನು ಬದಲಾಗಿದ್ದೆಲ್ಲಿ? ಅಥವಾ 'ಬಿ' ಸಿನಿಮಾ ಅಂದಮೇಲೆ ಇಷ್ಟೇನಾ?"

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಮೊದಲು 'ಬಿ' ವಿಷಯ ಮುಗಿಸಿಬಿಡೋಣ. ಅದು ಗುಣ ನೋಡಿ ಕೊಟ್ಟ ದರ್ಜೆ ಅಲ್ಲ. ಆಗ ಅಮೆರಿಕದಲ್ಲಿ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ದೊಡ್ಡದರ ಜೊತೆಗೆ ಬರುತ್ತಿದ್ದ ಚಿಕ್ಕದು 'ಬಿ'. ದೊಡ್ಡ ಸಿನಿಮಾಕ್ಕೆ ಗಳಿಕೆಯಲ್ಲಿ ಪಾಲು ಸಿಗುತ್ತಿತ್ತು. ಚಿಕ್ಕದಕ್ಕೆ ಸಾಮಾನ್ಯವಾಗಿ ಇಷ್ಟು ಅಂತ ಗೊತ್ತು ಮಾಡಿದ ಬಾಡಿಗೆ. ಬರುವ ದುಡ್ಡು ಮೊದಲೇ ಗೊತ್ತಿದ್ದರಿಂದ ಖರ್ಚೂ ಬಿಗಿ, ಕಥೆಯೂ ಬಿಗಿ. ನೀವು ನೋಡಿದ್ದು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ, ಅಷ್ಟೇ. ವಿಲಿಯಂ ಕ್ಯಾಸಲ್ ನಿರ್ದೇಶಿಸಿದ ಮೊದಲ ಸಿನಿಮಾ ಅದು. ಅವಸರದ ಕೆಲಸ ಕೆಲವು ಕಡೆ ಕಾಣುತ್ತದೆ, ಒಪ್ಪುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಇದಕ್ಕೆ ಬ್ಲ್ಯಾಕಿ ಹುಟ್ಟಿದ ಜಾಗದಿಂದ ಶುರು ಮಾಡಬೇಕು. ಇವನನ್ನು ಸೃಷ್ಟಿಸಿದ ಜ್ಯಾಕ್ ಬಾಯ್ಲ್ ಪತ್ರಕರ್ತನಾಗಿದ್ದವನು. ಅಫೀಮಿನ ಚಟಕ್ಕೆ ಬಿದ್ದು ಅಪರಾಧಕ್ಕಿಳಿದು ಜೈಲು ಸೇರಿದ. ಅಲ್ಲಿದ್ದಾಗಲೇ ಬ್ಲ್ಯಾಕಿಯ ಕಥೆ ಬರೆದ. 1914ರಲ್ಲಿ 'ದಿ ಅಮೆರಿಕನ್ ಮ್ಯಾಗಜೀನ್' ಅದನ್ನು ಅಚ್ಚು ಹಾಕಿದಾಗ ಲೇಖಕನ ಹೆಸರಿನ ಜಾಗದಲ್ಲಿ ಇದ್ದದ್ದು ಒಂದು ನಂಬರ್: 6606. ಹೆಸರೇ ಇಲ್ಲದ ಒಬ್ಬ ಕೈದಿ ಈ ಪಾತ್ರ ಕಟ್ಟಿದ್ದಾನೆ. ಬ್ಲ್ಯಾಕಿಯ ಸಿನಿಮಾ ನೋಡುವಾಗ ನನಗೆ ಇದು ಮರೆಯುವುದೇ ಇಲ್ಲ.

ಆ ಕಥೆಗಳಲ್ಲಿ ಬ್ಲ್ಯಾಕಿ ತಿಜೋರಿ ಒಡೆಯುವ ಕಳ್ಳ. 1941ರಲ್ಲಿ ಕೊಲಂಬಿಯಾ ಕಂಪನಿ ಅವನನ್ನು ಮತ್ತೆ ತೆರೆಗೆ ತಂದಾಗ ಅವನು ಕಳ್ಳತನ ಬಿಟ್ಟಾಗಿತ್ತು. 1934ರಿಂದ ಹಾಲಿವುಡ್ಡಿನಲ್ಲಿ ಸೆನ್ಸಾರ್ ನಿಯಮ ಬಿಗಿಯಾಗಿತ್ತು. ಪ್ರೇಕ್ಷಕರ ಮನಸ್ಸು ಅಪರಾಧದ ಕಡೆ ವಾಲಬಾರದು ಅಂತ ಕಟ್ಟಪ್ಪಣೆ. ಕಳ್ಳ ಕಳ್ಳನಾಗಿಯೇ ಉಳಿದು ಗೆಲ್ಲುವ ಹಾಗಿರಲಿಲ್ಲ. ಆದರೆ ಕಳ್ಳತನ ಬಿಟ್ಟವನ ಕಥೆ ಹೇಳಲು ಹೊರಟ ಕೂಡಲೇ ಒಂದು ಒಳ್ಳೆಯ ಪ್ರಶ್ನೆ ತಾನಾಗಿ ಎದ್ದಿತು. ಬಿಟ್ಟಿದ್ದೇನೆ ಅಂದರೆ ನಂಬುವವರು ಯಾರು?

ಇನ್‌ಸ್ಪೆಕ್ಟರ್ ಫ್ಯಾರಡೆಯಂತೂ ನಂಬುವುದಿಲ್ಲ. 1949ರವರೆಗೆ ಒಟ್ಟು 14 ಸಿನಿಮಾ ಬಂದವು. ಎಲ್ಲದರಲ್ಲೂ ಚೆಸ್ಟರ್ ಮಾರಿಸ್ ಬ್ಲ್ಯಾಕಿ, ರಿಚರ್ಡ್ ಲೇನ್ ಫ್ಯಾರಡೆ. ಎಲ್ಲೇ ಕೊಲೆಯಾಗಲಿ, ಕಳವಾಗಲಿ, ಫ್ಯಾರಡೆಯ ಕಣ್ಣು ಮೊದಲು ಬ್ಲ್ಯಾಕಿ ಮೇಲೆ. ನಾಯಿ ಬಾಲ ಡೊಂಕೇ ಅನ್ನುವ ಜಾತಿ ಅವನದು. ಕೆಟ್ಟವನಲ್ಲ, ಬ್ಲ್ಯಾಕಿ ಮೇಲೆ ಒಳಗೊಳಗೇ ಪ್ರೀತಿಯೂ ಇದೆ. ಆದರೂ ಸಂಶಯ ಬಿಡಲ್ಲ. ಹಾಗಿರುವಾಗ ಬ್ಲ್ಯಾಕಿ ಠಾಣೆಗೆ ಹೋಗಿ ನಿಜ ಹೇಳಿದರೆ ಏನಾಗುತ್ತದೆ ಹೇಳಿ? ಒಳಗೆ ಕೂರಿಸುತ್ತಾರೆ. ನಿಜವಾದ ಅಪರಾಧಿ ಹೊರಗೇ ಇರುತ್ತಾನೆ. ಅದಕ್ಕೇ ಅವನು ಓಡುತ್ತಾನೆ.

ಅವನು ಹೇಳಿದ ಸುಳ್ಳಿನ ಮಾತು ಬೇರೆ. ನೀವು ನೋಡಿದ ಕಥೆಯನ್ನೇ ನೆನಪಿಸಿಕೊಳ್ಳಿ. ಯುದ್ಧದ ಕಾಲ, ಕಾರ್ಖಾನೆಗಳಿಗೆ ಆಳು ಬೇಕು. ಕೆಲವು ಕೈದಿಗಳನ್ನು ಪೆರೋಲಿನ ಮೇಲೆ ಗೆಳೆಯನ ಕಾರ್ಖಾನೆಯಲ್ಲಿ ಕೆಲಸಕ್ಕೆ ಹಚ್ಚಲು ಬ್ಲ್ಯಾಕಿ ಸರ್ಕಾರವನ್ನು ಒಪ್ಪಿಸುತ್ತಾನೆ. ಅವರಲ್ಲಿ ಡೂಲಿ ಎಂಬವನು ಹಿಂದೆ ದರೋಡೆ ಮಾಡಿದ ಹಣ ಬಚ್ಚಿಟ್ಟಿದ್ದಾನೆ. ಅದಕ್ಕಾಗಿ ಹಳೆಯ ಜೊತೆಗಾರರು ಹುಡುಕಿಕೊಂಡು ಬರುತ್ತಾರೆ. ಕೈಕೈ ಮಿಲಾಯಿಸಿ ಒಬ್ಬ ಸಾಯುತ್ತಾನೆ. ವಿಷಯ ಹೊರಬಂದರೆ ಡೂಲಿಯೊಬ್ಬನೇ ಅಲ್ಲ, ಎಲ್ಲ ಕೈದಿಗಳೂ ವಾಪಸ್ ಜೈಲಿಗೆ. ಆಗ ಬ್ಲ್ಯಾಕಿ ಆ ಸಾವನ್ನು ತನ್ನ ತಲೆಗೆ ಹಾಕಿಕೊಳ್ಳುತ್ತಾನೆ. ಕಾನೂನಿನ ಲೆಕ್ಕದಲ್ಲಿ ಅದು ಸುಳ್ಳೇ. ಆದರೆ ಆ ಸುಳ್ಳಿನಿಂದ ಅವನಿಗೆ ಸಿಕ್ಕಿದ್ದೇನು? ಮೊದಲು ಊರಿನವರದ್ದೆಲ್ಲ ತನಗೆ ಬೇಕು ಅನ್ನುತ್ತಿದ್ದವನು, ಈಗ ಇನ್ನೊಬ್ಬನ ತಪ್ಪು ಹೊರಲು ಹೆಗಲು ಕೊಡುತ್ತಾನೆ. ನೀವು ಕೇಳಿದ ಬದಲಾವಣೆ ನನಗೆ ಕಂಡಿದ್ದು ಅಲ್ಲಿ.

ಕೊಲೆಯ ಗಂಟು ಬಿಡಿಸುವ ಭಾಗ ಅಷ್ಟಕ್ಕಷ್ಟೇ. ಪೊಲೀಸರನ್ನು ದಡ್ಡರನ್ನಾಗಿ ತೋರಿಸುವ ಹಾಸ್ಯವೂ ಒಮ್ಮೊಮ್ಮೆ ಬೇಸರ ತರಿಸುತ್ತದೆ. ಅದಕ್ಕಾಗಿ ಈ ಸಿನಿಮಾಗಳನ್ನು ನೋಡಿ ಅಂತ ನಾನು ಹೇಳುವುದಿಲ್ಲ.

ಸಿಕ್ಕರೆ 1942ರ 'ಏಲಿಯಾಸ್ ಬೋಸ್ಟನ್ ಬ್ಲ್ಯಾಕಿ' ನೋಡಿ. ಕ್ರಿಸ್ಮಸ್ ಸಮಯದಲ್ಲಿ ಬ್ಲ್ಯಾಕಿ ಒಂದು ಕಲಾವಿದರ ತಂಡ ಕಟ್ಟಿಕೊಂಡು ಜೈಲಿನ ಕೈದಿಗಳನ್ನು ನಗಿಸಲು ಹೋಗುತ್ತಾನೆ. 1946ರ 'ಬೋಸ್ಟನ್ ಬ್ಲ್ಯಾಕಿ ಅಂಡ್ ದಿ ಲಾ'ದಲ್ಲಿ ಹೆಂಗಸರ ಜೈಲಿನಲ್ಲಿ ಮ್ಯಾಜಿಕ್ ತೋರಿಸುತ್ತಾನೆ. ಚೆಸ್ಟರ್ ಮಾರಿಸ್ ನಿಜ ಜೀವನದಲ್ಲೂ ಮ್ಯಾಜಿಕ್ ಕಲಿತವನು, ಯುದ್ಧದ ಕಾಲದಲ್ಲಿ ಸೈನಿಕರ ಮುಂದೆ ಆಡಿ ತೋರಿಸಿದವನು. ಎರಡೂ ಸಲ ಆಟದ ಮಧ್ಯೆ ಕೈದಿಯೊಬ್ಬರು ತಪ್ಪಿಸಿಕೊಳ್ಳುತ್ತಾರೆ. ಎರಡೂ ಸಲ ಸಂಶಯ ಯಾರ ಮೇಲೆ ಬರುತ್ತದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಆದರೂ ಅವನು ಆ ಜೈಲುಗಳಿಗೆ ಹೋಗುವುದನ್ನು ಬಿಡುವುದಿಲ್ಲ.

ನೋಡಿ, ಮತ್ತೆ ಬರೆಯಿರಿ.

– ಸಂಪಾದಕ