ಹೆಣ್ಣಿಗೆ ಪಟ್ಟವೇ ಇಲ್ಲದಿದ್ದ ಡೆನ್ಮಾರ್ಕ್‌ನಲ್ಲಿ ಎರಡನೇ ಮಾರ್ಗ್ರೇಥೆ ರಾಣಿಯಾಗಿದ್ದು ಹೇಗೆ?

ಅವರಿಗೆ 13 ವರ್ಷವಿದ್ದಾಗ ಕಾನೂನೇ ಬದಲಾಯಿತು. 1940ರಲ್ಲಿ ಅವರು ಹುಟ್ಟಿದಾಗ ಸಿಂಹಾಸನ ಗಂಡಸರಿಗೆ ಮಾತ್ರ. ಆದರೆ ಅಪ್ಪ ಒಂಬತ್ತನೇ ಫ್ರೆಡರಿಕ್‌ಗೆ ಮೂವರೂ ಹೆಣ್ಣುಮಕ್ಕಳು. ಹಾಗಾಗಿ ಫ್ರೆಡರಿಕ್ ನಂತರ ಅವರ ತಮ್ಮ ಕ್ನೂದ್ ರಾಜ ಎಂಬುದೇ ಎಲ್ಲರ ಲೆಕ್ಕ. 1953ರಲ್ಲಿ ಹೊಸ ಸಂವಿಧಾನದ ಜೊತೆ ಪಟ್ಟದ ನಿಯಮವನ್ನೂ ಜನರ ಮತಕ್ಕೆ ಹಾಕಿದರು. ಗೆದ್ದಿತು. ಗಂಡುಮಕ್ಕಳಿಲ್ಲದಿದ್ದರೆ ಮಗಳಿಗೆ ಪಟ್ಟ ಎಂದಾಯಿತು. ಪಾಪ ಕ್ನೂದ್, ಅಲ್ವಾ?

ಮಾರ್ಗ್ರೇಥೆಗೆ ತಮ್ಮನೊಬ್ಬ ಹುಟ್ಟಿದ್ದರೆ ಪಟ್ಟ ಅವನಿಗೇ ಹೋಗುತ್ತಿತ್ತು. ಆ ತಾರತಮ್ಯ ಹೋಗಿದ್ದು 2009ರ ಜನಮತದಲ್ಲಿ. ಅವರು 1972ರ ಜನವರಿ 14ರಂದು ರಾಣಿಯಾದರು. ಸರಿಯಾಗಿ 52 ವರ್ಷದ ನಂತರ, ಅದೇ ದಿನ, ಮಗನಿಗೆ ಪಟ್ಟ ಬಿಟ್ಟುಕೊಟ್ಟರು.