ಠಾಣೆಯಲ್ಲಿ ಪೊಲೀಸರು ಹೊಡೆದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟು ಪ್ರಯೋಜನವಿದೆಯೇ?

ಇದೆ, ಆದರೆ ಮಿತಿ ತಿಳಿದುಕೊಂಡು ಹೋಗಿ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಂತೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ದಿನಾಂಕ, ಸಮಯ, ಠಾಣೆ, ಗೊತ್ತಿದ್ದರೆ ಸಿಬ್ಬಂದಿಯ ಹೆಸರು ಸ್ಪಷ್ಟವಾಗಿರಲಿ.

ಪುರಾವೆಯಿಲ್ಲದಿದ್ದರೆ ದೂರು ಬಿದ್ದುಹೋಗಬಹುದು. ಗಾಯ ಮಾಸುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೊಡೆದವರು ಯಾರೆಂಬುದನ್ನೂ ವೈದ್ಯರ ದಾಖಲೆಯಲ್ಲಿ ಬರೆಸಿ. ಬಂಧಿಸಿದ್ದರೆ, ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಹೆದರದೆ ಅಲ್ಲೇ ಗಾಯ ತೋರಿಸಿ.

ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಆದರೆ ವಿಚಾರಣೆ ಮುಗಿದ ಮೇಲೆ ಅದು ಪರಿಹಾರಕ್ಕೋ ಮೊಕದ್ದಮೆಗೋ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ, ತಾನೇ ಶಿಕ್ಷಿಸಲಾರದು. ಈ ಕಾಯ್ದೆಯ ದೊಡ್ಡ ದೌರ್ಬಲ್ಯವೇ ಇದು. ಪರಿಹಾರಕ್ಕೆ ಕಡ್ಡಾಯ ಆದೇಶ ಬೇಕಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ (ಸರ್ಕಾರಕ್ಕೆ ಆದೇಶ ನೀಡುವಂತೆ ಕೋರುವ ಅರ್ಜಿ) ಹಾಕಬಹುದು.